ಡಗ್ಲಸ್ ಪ್ರಾಶರ್ ಹಿಡಿದ ಹಸಿರು ಜೀನ್

ಡಗ್ಲಸ್ ಪ್ರಾಶರ್ ಎಂಬ ಹೆಸರು ಕೇಳಿದವರಿಗೆ ಸಾಮಾನ್ಯವಾಗಿ ಗೊತ್ತಿರುವುದು ಒಂದೇ ಸಂಗತಿ. 2008ರಲ್ಲಿ ಹಸಿರು ಪ್ರತಿದೀಪ್ತ ಪ್ರೋಟೀನಿನ ಸಂಶೋಧನೆಗೆ ರಸಾಯನಶಾಸ್ತ್ರದ ನೊಬೆಲ್ ಬಂದಾಗ, ಆ ಪ್ರೋಟೀನಿನ ಜೀನನ್ನು ಮೊದಲು ಬೇರ್ಪಡಿಸಿ ಓದಿದ ಈ ಮನುಷ್ಯ ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ ಊರಿನಲ್ಲಿ, ಕಾರು ಮಾರುವ ಮಳಿಗೆಯೊಂದರ ಗ್ರಾಹಕರನ್ನು ವ್ಯಾನಿನಲ್ಲಿ ಕರೆದೊಯ್ದು ಬಿಡುವ ಕೆಲಸದಲ್ಲಿದ್ದರು. ಕಥೆ ನಿಜ. ಆದರೆ ಹೇಳುವವರು ಅಯ್ಯೋ ಪಾಪ ಎಂದು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅವರು ಅಷ್ಟಕ್ಕೂ ಮಾಡಿದ್ದೇನು, 1980ರ ದಶಕದಲ್ಲಿ ಒಂದು ಜೀನನ್ನು ಹಿಡಿಯುವುದೆಂದರೆ ಎಂಥ ಕೆಲಸ, ಅಷ್ಟು ಹತ್ತಿರ ಹೋದವರಿಗೆ ಬೆಳಕು ಕಾಣದೇ ಹೋದದ್ದು ಯಾಕೆ ಎಂಬುದನ್ನು ಯಾರೂ ವಿವರಿಸುವುದಿಲ್ಲ. ನನ್ನ ಮಟ್ಟಿಗೆ ವ್ಯಾನಿಗಿಂತ ಇದರಲ್ಲೇ ಹೆಚ್ಚು ಸ್ವಾರಸ್ಯವಿದೆ.

ಕಥೆಯ ಮೂಲ ಒಂದು ಜೆಲ್ಲಿಮೀನು. ಹೆಸರು ಎಕ್ವೊರಿಯಾ ವಿಕ್ಟೋರಿಯಾ. ಅಮೆರಿಕದ ಪಶ್ಚಿಮ ಕರಾವಳಿಯ ತಣ್ಣನೆಯ ನೀರಿನಲ್ಲಿ ತೇಲುವ, ಛತ್ರಿಯಾಕಾರದ, ಹೆಚ್ಚುಕಡಿಮೆ ಪಾರದರ್ಶಕವಾದ ಪ್ರಾಣಿ. ಮುಟ್ಟಿ ಕೆಣಕಿದರೆ ಛತ್ರಿಯ ಅಂಚಿನುದ್ದಕ್ಕೂ ಹಸಿರು ಬೆಳಕು ಮಿನುಗುತ್ತದೆ. ಜಪಾನಿನ ಒಸಾಮು ಶಿಮೊಮುರಾ 1961ರ ಬೇಸಿಗೆಯಲ್ಲಿ ಪ್ರಿನ್ಸ್‌ಟನ್ನಿನ ಫ್ರಾಂಕ್ ಜಾನ್ಸನ್ ಜೊತೆ ವಾಷಿಂಗ್ಟನ್ ರಾಜ್ಯದ ಫ್ರೈಡೇ ಹಾರ್ಬರ್‌ಗೆ ಹೋಗಿ, ಈ ಜೆಲ್ಲಿಮೀನುಗಳನ್ನು ಬಲೆಯಲ್ಲಿ ಎತ್ತಿ, ಅಂಚಿನ ಉಂಗುರವನ್ನು ಕತ್ತರಿಸಿ, ಹಿಂಡಿ, ಬೆಳಗುವ ವಸ್ತು ಯಾವುದೆಂದು ಹುಡುಕತೊಡಗಿದರು. ಹಿಂಡಿದ ರಸವನ್ನು ಒಂದು ದಿನ ಸಿಂಕಿಗೆ ಚೆಲ್ಲಿದಾಗ ಸಿಂಕಿನೊಳಗೆ ನೀಲಿ ಬೆಳಕು ಝಗ್ಗೆಂದಿತು. ಮೀನಿನ ತೊಟ್ಟಿಯಿಂದ ಸಮುದ್ರದ ನೀರು ಆ ಸಿಂಕಿಗೆ ಹರಿಯುತ್ತಿತ್ತು. ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ ತಗುಲಿದ್ದೇ ಬೆಳಕು ಹೊತ್ತಿಕೊಂಡಿತ್ತು. ಹೀಗೆ ಸಿಕ್ಕ ಪ್ರೋಟೀನು ಎಕ್ವೊರಿನ್. ಸುಮಾರು 10,000 ಜೆಲ್ಲಿಮೀನುಗಳಿಂದ ಕೈಗೆ ಬಂದದ್ದು ಕೆಲವೇ ಮಿಲಿಗ್ರಾಂ.

ಆದರೆ ಒಂದು ಗೊಂದಲ ಉಳಿಯಿತು. ಸಿಂಕಿನ ಬೆಳಕು ನೀಲಿ, ಜೆಲ್ಲಿಮೀನಿನ ಬೆಳಕು ಹಸಿರು. 1962ರ ವರದಿಯಲ್ಲಿ, ಎಕ್ವೊರಿನ್ ಶುದ್ಧ ಮಾಡುವಾಗ ಇನ್ನೊಂದು ಪ್ರೋಟೀನೂ ಸಿಕ್ಕಿತು, ನೇರಳಾತೀತ ದೀಪದ ಕೆಳಗೆ ಅದು ಹಸಿರಾಗಿ ಹೊಳೆಯುತ್ತದೆ ಎಂಬುದು ಒಂದು ಅಡಿಟಿಪ್ಪಣಿಯಾಗಿ ಬಂತು. ಮುಂದೆ ಜೀವವಿಜ್ಞಾನದ ದಿಕ್ಕನ್ನೇ ಬದಲಿಸಿದ ವಸ್ತು ಮೊದಲು ಕಾಣಿಸಿಕೊಂಡದ್ದು ಆ ಅಡಿಟಿಪ್ಪಣಿಯಲ್ಲಿ. ಹಸಿರು ಪ್ರತಿದೀಪ್ತ ಪ್ರೋಟೀನು ಎಂದರೆ ಅದೇ. ಇಂಗ್ಲಿಷಿನ ಗ್ರೀನ್ ಫ್ಲೋರೆಸೆಂಟ್ ಪ್ರೋಟೀನ್ ಎಂಬ ಹೆಸರಿನ ಮೊದಲಕ್ಷರಗಳಿಂದ ಇವತ್ತು ಎಲ್ಲರೂ ಅದನ್ನು ಜಿಎಫ್‌ಪಿ ಎಂದು ಕರೆಯುತ್ತಾರೆ.

ಎರಡು ಪ್ರೋಟೀನುಗಳ ಕೆಲಸ ಬೇರೆ ಬೇರೆ. ಇದು ಸ್ಪಷ್ಟವಾಗದೆ ಮುಂದಿನದು ಅರ್ಥವಾಗುವುದಿಲ್ಲ. ಎಕ್ವೊರಿನ್ ರಾಸಾಯನಿಕ ಕ್ರಿಯೆಯಿಂದ ತಾನೇ ಬೆಳಕು ಹುಟ್ಟಿಸುತ್ತದೆ. ಅದಕ್ಕೆ ಕೊಯ್ಲೆಂಟರಜಿನ್ ಎಂಬ ಸಣ್ಣ ಅಣು ಇಂಧನವಾಗಿ ಬೇಕು, ಕ್ಯಾಲ್ಸಿಯಂ ಕಿಡಿಯಾಗಿ ಬೇಕು. ಜಿಎಫ್‌ಪಿ ಬೆಳಕನ್ನು ಹುಟ್ಟಿಸುವುದಿಲ್ಲ. ಬಂದ ಬೆಳಕನ್ನು ನುಂಗಿ, ಸ್ವಲ್ಪ ಕಡಿಮೆ ಶಕ್ತಿಯ ಇನ್ನೊಂದು ಬಣ್ಣದಲ್ಲಿ ಹೊರಬಿಡುತ್ತದೆ. ಪ್ರತಿದೀಪ್ತಿ ಎನ್ನುವುದು ಇದನ್ನೇ. ಜೆಲ್ಲಿಮೀನಿನ ಮೈಯಲ್ಲಿ ಎಕ್ವೊರಿನ್‌ನ ಶಕ್ತಿ ಪಕ್ಕದ ಜಿಎಫ್‌ಪಿಗೆ ವರ್ಗವಾಗಿ ನೀಲಿಯಾಗಬೇಕಿದ್ದದ್ದು ಹಸಿರಾಗಿ ಹೊಮ್ಮುತ್ತದೆ. ಪ್ರಯೋಗಾಲಯದಲ್ಲಿ ಎಕ್ವೊರಿನ್ ಬೇಕಾಗಿಲ್ಲ. ದೀಪದಿಂದ ನೇರಳಾತೀತ ಅಥವಾ ನೀಲಿ ಬೆಳಕು ಬಿಟ್ಟರೆ ಸಾಕು. ಜೆಲ್ಲಿಮೀನಿನ ಮೂಲ ಜಿಎಫ್‌ಪಿ 395 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೆಚ್ಚಾಗಿಯೂ 475ರ ಆಸುಪಾಸಿನದನ್ನು ಸ್ವಲ್ಪವಾಗಿಯೂ ಹೀರಿ, 509ರ ಸುತ್ತಮುತ್ತ ಹಸಿರನ್ನು ಹೊರಹಾಕುತ್ತದೆ.

ಇನ್ನು ಪ್ರಾಶರ್. ಓಹಾಯೋದ ಆಕ್ರನ್‌ನಲ್ಲಿ 1951ರಲ್ಲಿ ಹುಟ್ಟಿದವರು. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದ ಪಿಎಚ್‌ಡಿ ಮುಗಿಸಿ, 80ರ ದಶಕದ ಆರಂಭದಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಮಿಲ್ಟನ್ ಕಾರ್ಮಿಯರ್ ಪ್ರಯೋಗಾಲಯ ಸೇರಿದರು. ಅಲ್ಲಿ ಎಕ್ವೊರಿನ್ ಜೀನನ್ನು ಹಿಡಿದು ಬ್ಯಾಕ್ಟೀರಿಯಾದಲ್ಲಿ ಆ ಪ್ರೋಟೀನು ತಯಾರಾಗುವಂತೆ ಮಾಡಿದರು. ಇದು 1985ರ ಮಾತು. ಸಾವಿರಾರು ಜೆಲ್ಲಿಮೀನು ಹಿಂಡುವ ಬದಲು ಬ್ಯಾಕ್ಟೀರಿಯಾ ಬೆಳೆಸಿದರಾಯಿತು ಎಂಬ ಅನುಕೂಲ ಎಲ್ಲರಿಗೂ ಕಂಡಿತು. ಪ್ರಾಶರ್ ಕಣ್ಣು ಬಿದ್ದದ್ದು ಅದರ ಪಕ್ಕದಲ್ಲಿದ್ದ ಹಸಿರು ಪ್ರೋಟೀನಿನ ಮೇಲೆ. ಅದರ ಜೀನ್ ಸಿಕ್ಕರೆ ಜೀವಕೋಶದ ಬೇರೆ ಯಾವುದೇ ಜೀನಿಗೆ ಅಂಟಿಸಬಹುದು. ಆಗ ಆ ಪ್ರೋಟೀನು ಎಲ್ಲಿ ತಯಾರಾಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಜೀವಂತ ಕೋಶದಲ್ಲೇ ಬೆಳಕಾಗಿ ಕಾಣಬಹುದು. ಇವತ್ತು ಬಾಲಿಶವೆನ್ನಿಸುವಷ್ಟು ಸರಳವಾದ ಈ ಆಲೋಚನೆಗೆ ಆಗ ಹಣ ಕೊಡುವವರು ಸಿಗಲಿಲ್ಲ. ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅರ್ಜಿಯನ್ನು ತಿರಸ್ಕರಿಸಿತು. ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಎರಡು ಲಕ್ಷ ಡಾಲರ್ ಕೊಟ್ಟಿತು. ಅಷ್ಟರಲ್ಲಿ ಅವರು ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್ ಸಾಗರ ವಿಜ್ಞಾನ ಸಂಸ್ಥೆಗೆ ಬಂದಿದ್ದರು. ಸಾಗರ ವಿಜ್ಞಾನಿಗಳ ನಡುವೆ ಒಬ್ಬ ಅಣುಜೀವಶಾಸ್ತ್ರಜ್ಞ ಬಹುಮಟ್ಟಿಗೆ ಒಬ್ಬಂಟಿಯೇ.

ಈಗ ಆ ಕೆಲಸವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಇಡೀ ಜೀನೋಮನ್ನು ಯಂತ್ರಕ್ಕೆ ಕೊಟ್ಟು ಓದಿಸುವ ಕಾಲ ಅದಲ್ಲ. ಜೀನ್ ಎಲ್ಲಿದೆ ಎಂಬುದೇ ಗೊತ್ತಿಲ್ಲ, ಹೇಗಿದೆ ಎಂಬುದೂ ಗೊತ್ತಿಲ್ಲ. ಗೊತ್ತಿದ್ದದ್ದು ಎರಡೇ: ಆ ಪ್ರೋಟೀನು ಛತ್ರಿಯ ಅಂಚಿನಲ್ಲಿದೆ, ಮತ್ತು ಅದರ ಅಮೈನೋ ಆಮ್ಲಗಳ ಸರಪಳಿಯ ಕೆಲವು ತುಣುಕುಗಳ ಕ್ರಮ ಹೀಗಿದೆ.

ಅಂಚಿನಲ್ಲಿ ಆ ಪ್ರೋಟೀನು ತಯಾರಾಗುತ್ತಿದ್ದರೆ, ಅದನ್ನು ತಯಾರಿಸುವ ಆದೇಶವನ್ನು ಹೊತ್ತ ಸಂದೇಶವಾಹಕ ಆರ್‌ಎನ್‌ಎ ಕೂಡ ಅಲ್ಲೇ ಇರಬೇಕು. ಆದ್ದರಿಂದ ಅಂಚುಗಳನ್ನು ಕತ್ತರಿಸಿದ ತಕ್ಷಣ ಹೆಪ್ಪುಗಟ್ಟುವಂತೆ ತಣ್ಣಗೆ ಮಾಡಬೇಕು, ಇಲ್ಲವಾದರೆ ಆರ್‌ಎನ್‌ಎ ನೋಡನೋಡುತ್ತಲೇ ಹಾಳಾಗುತ್ತದೆ. ಆಮೇಲೆ ಆ ಆರ್‌ಎನ್‌ಎಯನ್ನು ಬೇರ್ಪಡಿಸಿ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವದಿಂದ ಅದರ ಡಿಎನ್‌ಎ ಪ್ರತಿ ಮಾಡುತ್ತಾರೆ. ಕೋಶದಲ್ಲಿ ಆ ಹೊತ್ತಿಗೆ ಸಾವಿರಾರು ಬಗೆಯ ಸಂದೇಶಗಳಿರುತ್ತವೆ, ಎಲ್ಲದರ ಪ್ರತಿಯೂ ಒಟ್ಟಿಗೆ ಬರುತ್ತದೆ. ಈ ತುಣುಕುಗಳನ್ನು ಬ್ಯಾಕ್ಟೀರಿಯಾಗೆ ಸೋಂಕು ತಗುಲಿಸುವ ವೈರಸ್ಸುಗಳೊಳಗೆ, ಒಂದೊಂದು ವೈರಸ್ಸಿಗೆ ಒಂದೊಂದರಂತೆ, ಸೇರಿಸಿ ತಟ್ಟೆಗಳ ಮೇಲೆ ಬೆಳೆಸುತ್ತಾರೆ. ತಟ್ಟೆಯ ಮೇಲಿನ ಒಂದೊಂದು ಚುಕ್ಕೆಯಲ್ಲಿ ಜೆಲ್ಲಿಮೀನಿನ ಒಂದೊಂದು ಜೀನಿನ ಪ್ರತಿ ಕೂತಿರುತ್ತದೆ. ಲಕ್ಷಾಂತರ ಚುಕ್ಕೆಗಳಲ್ಲಿ ನಮಗೆ ಬೇಕಾದ್ದು ಯಾವುದು?

ಹುಡುಕಲು ಒಂದು ಸಣ್ಣ ಡಿಎನ್‌ಎ ತುಂಡನ್ನು ಪ್ರಯೋಗಾಲಯದಲ್ಲೇ ಕಟ್ಟಿ, ಅದಕ್ಕೆ ವಿಕಿರಣಶೀಲ ಗುರುತು ಹಚ್ಚುತ್ತಾರೆ. ತನಗೆ ಪೂರಕವಾದ ಡಿಎನ್‌ಎ ಸಿಕ್ಕಿದಲ್ಲಿ ಅದು ಅಂಟಿಕೊಳ್ಳುತ್ತದೆ, ಎಕ್ಸ್-ರೇ ಫಿಲ್ಮಿನ ಮೇಲೆ ಆ ಜಾಗ ಕಪ್ಪಾಗುತ್ತದೆ. ಆದರೆ ಆ ತುಂಡನ್ನು ಕಟ್ಟುವುದು ಹೇಗೆ? ಪ್ರೋಟೀನಿನ ಅಮೈನೋ ಆಮ್ಲಗಳ ಕ್ರಮದಿಂದ ಹಿಂದಕ್ಕೆ ಊಹಿಸಬೇಕು. ಇಲ್ಲಿ ಜೆನೆಟಿಕ್ ಸಂಕೇತ ಕಾಟ ಕೊಡುತ್ತದೆ. ಮೆಥಿಯೋನಿನ್‌ಗೆ ಮೂರಕ್ಷರದ ಸಂಕೇತ ಒಂದೇ, ಹಾಗಾಗಿ ಅನುಮಾನವಿಲ್ಲ. ಲ್ಯೂಸಿನ್‌ಗೆ ಆರು ಸಂಕೇತಗಳಿವೆ, ಜೆಲ್ಲಿಮೀನು ಅದರಲ್ಲಿ ಯಾವುದನ್ನು ಬಳಸಿದೆಯೋ ಯಾರಿಗೆ ಗೊತ್ತು. ಒಂದೇ ತುಣುಕಿನಲ್ಲಿ ಎರಡು ಲ್ಯೂಸಿನ್ ಬಂದರೆ ಅವೆರಡಕ್ಕೇ 36 ಸಾಧ್ಯತೆಗಳು. ಹಾಗಾಗಿ ಕಡಿಮೆ ಸಂಕೇತಗಳಿರುವ ಅಮೈನೋ ಆಮ್ಲಗಳು ಅಕ್ಕಪಕ್ಕ ಬರುವ ಜಾಗ ಹುಡುಕಿ, ಉಳಿದ ಸಾಧ್ಯತೆಗಳೆಲ್ಲವನ್ನೂ ಸೇರಿಸಿ ಮಿಶ್ರಣ ಮಾಡುತ್ತಾರೆ. ಸುಳ್ಳು ಕಪ್ಪು ಚುಕ್ಕೆಗಳು ಬೇಕಾದಷ್ಟು ಬರುತ್ತವೆ. ಒಂದೊಂದನ್ನೂ ಎತ್ತಿ, ಮತ್ತೆ ಬೆಳೆಸಿ, ಮತ್ತೆ ಪರೀಕ್ಷಿಸಬೇಕು. ಪ್ರಾಶರ್‌ಗೆ ಮೊದಲು ಸಿಕ್ಕಿದ್ದು ಪೂರ್ತಿ ಜೀನಲ್ಲ, ಬಾಲವೋ ತಲೆಯೋ ಕತ್ತರಿಸಿಹೋದ ತುಂಡು. ಪೂರ್ಣ ಪ್ರತಿಗಾಗಿ ಮತ್ತೆ ಹುಡುಕಬೇಕಾಯಿತು. ಕೊನೆಗೆ ಸಿಕ್ಕ ಪ್ರತಿಯಲ್ಲಿ 238 ಅಮೈನೋ ಆಮ್ಲಗಳ ಪ್ರೋಟೀನಿನ ಸಂಪೂರ್ಣ ಪಾಠವಿತ್ತು. ಅದು 1992ರಲ್ಲಿ 'ಜೀನ್' ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೆ ಜೀನ್ ಕೈಯಲ್ಲಿದ್ದರೂ ಬ್ಯಾಕ್ಟೀರಿಯಾ ಹಸಿರಾಗಿ ಹೊಳೆಯಲಿಲ್ಲ.

ಆಗಿನ ಬಹುತೇಕರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಪ್ರೋಟೀನುಗಳಿಗೆ ತಮ್ಮಷ್ಟಕ್ಕೆ ತಾವೇ ಗೋಚರ ಬೆಳಕಿನ ಬಣ್ಣ ಬರುವುದು ಅಪರೂಪ. ರಕ್ತದ ಹಿಮೋಗ್ಲೋಬಿನ್‌ಗೂ ಕೆಂಪು ಬರುವುದು ಅದರೊಳಗೆ ಕೂತ ಹೀಮ್ ಅಣುವಿನಿಂದ. ಎಕ್ವೊರಿನ್‌ಗೂ ಹೊರಗಿನ ಕೊಯ್ಲೆಂಟರಜಿನ್ ಬೇಕೇ ಬೇಕು. ಜಿಎಫ್‌ಪಿಯ ಬಣ್ಣದ ಕೇಂದ್ರ ಅದರ ಸರಪಳಿಯೊಳಗಿನ ಅಮೈನೋ ಆಮ್ಲಗಳಿಂದಲೇ ಆದದ್ದು ಎಂಬ ಸೂಚನೆಯನ್ನು ಶಿಮೊಮುರಾ 1979ರಲ್ಲೇ ಕೊಟ್ಟಿದ್ದರು. ಅದರ ರಚನೆಯನ್ನು ಖಚಿತಪಡಿಸಿದ 1993ರ ಲೇಖನದ ಲೇಖಕರಲ್ಲಿ ಪ್ರಾಶರ್ ಕೂಡ ಒಬ್ಬರು. ಆದರೂ ಆ ಸರಪಳಿಯನ್ನು ಮಡಚಿ ಬಣ್ಣದ ಕೇಂದ್ರವಾಗಿ ಮಾರ್ಪಡಿಸಲು ಜೆಲ್ಲಿಮೀನಿನಲ್ಲಿ ಮಾತ್ರ ಇರುವ ವಿಶೇಷ ಕಿಣ್ವಗಳು ಬೇಕಾಗಬಹುದು ಎಂಬ ಅನುಮಾನ ದಟ್ಟವಾಗಿತ್ತು. ಹಾಗಿದ್ದರೆ ಇಡೀ ಯೋಜನೆಯೇ ವ್ಯರ್ಥ: ಒಂದು ಜೀನಿನ ಜೊತೆ ಇನ್ನೆಷ್ಟು ಜೀನುಗಳನ್ನು ಹೊತ್ತೊಯ್ಯಬೇಕೋ! ಕ್ಯಾನ್ಸರ್ ಸೊಸೈಟಿಯ ಹಣ ಮುಗಿದಿತ್ತು. ಮುಂದಿನ ಹಣ ಬರಲಿಲ್ಲ. ಪ್ರಾಶರ್ ವುಡ್ಸ್ ಹೋಲ್ ಬಿಡುವ ತೀರ್ಮಾನಕ್ಕೆ ಬಂದರು. ಹೊರಡುವ ಮುಂಚೆ, ಕೇಳಿದ ಇಬ್ಬರಿಗೆ ಜೀನಿನ ಪ್ರತಿಗಳನ್ನು ಕಳಿಸಿಕೊಟ್ಟರು. ಒಬ್ಬರು ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಚಾಲ್ಫಿ, ಇನ್ನೊಬ್ಬರು ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೋಜರ್ ಚೆನ್. ವಿಜ್ಞಾನಿಗಳು ಇಂಥ ವಸ್ತುಗಳನ್ನು ಬಚ್ಚಿಟ್ಟುಕೊಳ್ಳುವುದು ಹೊಸತೇನಲ್ಲ, ಹಾಗಾಗಿ ಇದನ್ನು ದೊಡ್ಡ ಮನಸ್ಸೆಂದೇ ಕರೆಯಬೇಕು.

ಚಾಲ್ಫಿ ಜಿಎಫ್‌ಪಿ ವಿಷಯವನ್ನು ಮೊದಲು ಕೇಳಿದ್ದು 1989ರ ಏಪ್ರಿಲ್‌ನಲ್ಲಿ, ಒಂದು ಉಪನ್ಯಾಸದಲ್ಲಿ. ಅವರು ಕೆಲಸ ಮಾಡುತ್ತಿದ್ದದ್ದು ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ಹುಳುವಿನ ಮೇಲೆ. ಯಾವ ಜೀನ್ ಯಾವ ನರಕೋಶದಲ್ಲಿ ಕೆಲಸ ಮಾಡುತ್ತಿದೆ ಎಂದು ನೋಡಬೇಕಾದರೆ ಆಗ ಹುಳುವನ್ನು ಕೊಂದು, ರಾಸಾಯನಿಕಗಳಲ್ಲಿ ನೆನೆಸಿ, ಬಣ್ಣ ಹಾಕಿಯೇ ನೋಡಬೇಕಿತ್ತು. ಪಾರದರ್ಶಕ ಪ್ರಾಣಿಯೊಳಗೆ ಬೆಳಕು ಬಿಟ್ಟರೆ ಹೊಳೆಯುವ ಪ್ರೋಟೀನು ಎಂದ ತಕ್ಷಣ ಉಪನ್ಯಾಸದ ಉಳಿದ ಭಾಗ ಅವರ ತಲೆಗೆ ಹೋಗಲೇ ಇಲ್ಲವಂತೆ. ಪ್ರಾಶರ್ ಜೊತೆ ಮಾತಾಯಿತು, ಆದರೆ ಜೀನ್ ಪೂರ್ತಿಯಾಗುವ ಹೊತ್ತಿಗೆ ಸಂಪರ್ಕ ತಪ್ಪಿಹೋಗಿತ್ತು. 1992ರಲ್ಲಿ ಪ್ರಕಟಿತ ಲೇಖನ ಕಣ್ಣಿಗೆ ಬಿದ್ದ ಮೇಲೆಯೇ ಮತ್ತೆ ಮಾತು.

ಚಾಲ್ಫಿ ಪ್ರಯೋಗಾಲಯಕ್ಕೆ ಹೊಸದಾಗಿ ಬಂದಿದ್ದ ವಿದ್ಯಾರ್ಥಿನಿ ಗಿಯಾ ಯೂಸ್ಕಿರ್ಚೆನ್ ಈ ಕೆಲಸ ಕೈಗೆತ್ತಿಕೊಂಡರು. ಆಕೆ ಮಾಡಿದ ಒಂದು ಸಣ್ಣ ಆಯ್ಕೆಯ ಮೇಲೆ ಎಲ್ಲವೂ ನಿಂತಿದೆ. ಪ್ರಾಶರ್ ಕಳಿಸಿದ ಪ್ರತಿಯಲ್ಲಿ ಪ್ರೋಟೀನಿನ ಪಾಠದ ಹಿಂದೆಮುಂದೆ ಜೆಲ್ಲಿಮೀನಿನ ಇನ್ನಷ್ಟು ಡಿಎನ್‌ಎ ಅಕ್ಷರಗಳು ಅಂಟಿಕೊಂಡಿದ್ದವು. ಕತ್ತರಿ ಕಿಣ್ವಗಳಿಂದ ಜೀನನ್ನು ಎತ್ತಿ ಬ್ಯಾಕ್ಟೀರಿಯಾಗೆ ಹಾಕಿದವರ ಜೊತೆ ಆ ಬಾಲಗಳೂ ಹೋದವು, ಬೆಳಕು ಬರಲಿಲ್ಲ. ಯೂಸ್ಕಿರ್ಚೆನ್ ಆಗಿನ್ನೂ ಹೊಸದಾಗಿದ್ದ ಪಿಸಿಆರ್ ವಿಧಾನದಿಂದ ಪ್ರೋಟೀನಿನ ಪಾಠವನ್ನಷ್ಟೇ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ನಕಲು ಮಾಡಿದರು. ಒಂದು ತಿಂಗಳೊಳಗೆ ಬ್ಯಾಕ್ಟೀರಿಯಾ ಹಸಿರಾಯಿತು. ಚಾಲ್ಫಿ ಪ್ರಯೋಗಾಲಯದ ಸೂಕ್ಷ್ಮದರ್ಶಕಕ್ಕೆ ಆ ಬೆಳಕು ಸರಿಯಾಗಿ ಕಾಣುತ್ತಿರಲಿಲ್ಲ. ಆಕೆ ತನ್ನ ಹಳೆಯ ಪ್ರಯೋಗಾಲಯಕ್ಕೆ ಹೋಗಿ ಅಲ್ಲಿನ ಸೂಕ್ಷ್ಮದರ್ಶಕದಲ್ಲಿ ನೋಡಿದರು.

ಜೆಲ್ಲಿಮೀನಿಗೂ ಬ್ಯಾಕ್ಟೀರಿಯಾಗೂ ಯಾವ ನಂಟೂ ಇಲ್ಲ. ಅದರೊಳಗೆ ಹೊಳೆಯಿತು ಎಂದರೆ ವಿಶೇಷ ಕಿಣ್ವ ಯಾವುದೂ ಬೇಡ ಎಂದಾಯಿತು. ಮುಂದಿನ ಹೆಜ್ಜೆ ಹುಳು. ಯಾವ ಕೋಶದಲ್ಲಿ ಯಾವಾಗ ಜೀನ್ ಚಾಲೂ ಆಗಬೇಕು ಎಂದು ನಿರ್ಧರಿಸುವುದು ಜೀನಿನ ಮುಂದಿರುವ ಡಿಎನ್‌ಎ ಭಾಗ, ಅದಕ್ಕೆ ಪ್ರೊಮೋಟರ್ ಎನ್ನುತ್ತಾರೆ. ಸ್ಪರ್ಶವನ್ನು ಗ್ರಹಿಸುವ ನರಕೋಶಗಳಲ್ಲಿ ಕೆಲಸ ಮಾಡುವ ಒಂದು ಜೀನಿನ ಪ್ರೊಮೋಟರನ್ನು ಜಿಎಫ್‌ಪಿಯ ಮುಂದೆ ಜೋಡಿಸಿದರು. ಬದುಕಿರುವ ಹುಳುವಿನೊಳಗೆ ಬೆರಳೆಣಿಕೆಯ ಸ್ಪರ್ಶ ನರಕೋಶಗಳು, ಅವುಗಳ ಎಳೆಗಳ ಸಮೇತ, ಹಸಿರಾಗಿ ಕಾಣಿಸಿದವು. 1994ರ ಫೆಬ್ರವರಿಯಲ್ಲಿ 'ಸೈನ್ಸ್' ಪತ್ರಿಕೆಯ ಮುಖಪುಟದಲ್ಲಿ ಬಂದ ಚಿತ್ರ ಇದೇ. ಆ ಲೇಖನದ ಲೇಖಕರ ಪಟ್ಟಿಯಲ್ಲಿ ಕೊನೆಯ ಹೆಸರು ಪ್ರಾಶರ್ ಅವರದು.

ಅಂದಹಾಗೆ, ಜಿಎಫ್‌ಪಿಯ ಅನೇಕ ಆವೃತ್ತಿಗಳಲ್ಲಿ 80ನೇ ಸ್ಥಾನದಲ್ಲಿ ಗ್ಲುಟಮಿನ್ ಇರಬೇಕಾದ ಕಡೆ ಆರ್ಜಿನಿನ್ ಇದೆ. ಬಹುಶಃ ಆ ಪಿಸಿಆರ್ ನಕಲಿನಲ್ಲೇ ನುಸುಳಿದ ಕಾಗುಣಿತ ದೋಷ. ಹೊಳಪಿಗೆ ಅದರಿಂದ ಧಕ್ಕೆಯಾಗಲಿಲ್ಲ, ಹಾಗಾಗಿ ಯಾರೂ ತಿದ್ದಲು ಹೋಗಲಿಲ್ಲ, ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಅದು ಹಾಗೇ ಹರಡಿತು.

ಕಿಣ್ವವಿಲ್ಲದೆ ಬಣ್ಣ ಹುಟ್ಟುವುದು ಹೇಗೆ ಎಂಬುದನ್ನು ಬಿಡಿಸಿದವರಲ್ಲಿ ಚೆನ್ ಮುಖ್ಯರು. ಸರಪಳಿಯ 65, 66 ಮತ್ತು 67ನೇ ಸ್ಥಾನದಲ್ಲಿರುವುದು ಸೆರಿನ್, ಟೈರೋಸಿನ್, ಗ್ಲೈಸಿನ್. ಪ್ರೋಟೀನು ಮಡಚಿಕೊಂಡಾಗ ಈ ಮೂರು ಕಿರಿದಾದ ಜಾಗದಲ್ಲಿ ಬಾಗಿ, ಗ್ಲೈಸಿನ್‌ನ ಸಾರಜನಕ ಸೆರಿನ್‌ನ ಇಂಗಾಲಕ್ಕೆ ಕಚ್ಚಿಕೊಂಡು ಐದು ಪರಮಾಣುಗಳ ಉಂಗುರವಾಗುತ್ತದೆ. ಒಂದು ನೀರಿನ ಅಣು ಹೊರಬೀಳುತ್ತದೆ. ಆಮೇಲೆ ಗಾಳಿಯ ಆಮ್ಲಜನಕ ಬಂದು ಟೈರೋಸಿನ್‌ನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಆಗ ಉಂಗುರದಿಂದ ಟೈರೋಸಿನ್‌ನ ತುದಿಯವರೆಗೆ ಎಲೆಕ್ಟ್ರಾನುಗಳು ಹರಡಿಕೊಳ್ಳುವ ಒಂದೇ ಉದ್ದನೆಯ ವ್ಯವಸ್ಥೆಯಾಗುತ್ತದೆ. ಬೆಳಕನ್ನು ಹೀರಿ ಬಿಡುವುದು ಇದೇ. ಚೆನ್ ಜೊತೆಗಿದ್ದ ರೋಜರ್ ಹೈಮ್ ಆಮ್ಲಜನಕವಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಸಿದಾಗ ಜಿಎಫ್‌ಪಿ ತಯಾರಾದರೂ ಹೊಳೆಯಲಿಲ್ಲ, ಗಾಳಿಗೆ ತೆರೆದಿಟ್ಟ ಮೇಲೆ ಹೊಳಪು ಬಂತು. ಹೊರಗಿನಿಂದ ಬೇಕಾದ್ದು ಆಮ್ಲಜನಕ ಮಾತ್ರ. ಇದನ್ನು ವರದಿ ಮಾಡಿದ ಲೇಖನದ ಲೇಖಕರು ಹೈಮ್, ಪ್ರಾಶರ್, ಚೆನ್, ವರ್ಷ 1994.

ಎರಡು ವರ್ಷದ ನಂತರ ಎರಡು ತಂಡಗಳು ಎಕ್ಸ್-ರೇ ಮೂಲಕ ಪ್ರೋಟೀನಿನ ಪೂರ್ಣ ಆಕಾರ ಕಂಡವು. ಹನ್ನೊಂದು ಪಟ್ಟಿಗಳು ಸುತ್ತ ನಿಂತು ಮಾಡಿದ ಪೀಪಾಯಿ, ಎತ್ತರ ಸುಮಾರು 4.2 ನ್ಯಾನೋಮೀಟರ್, ಅಗಲ 2.4. ಬಣ್ಣದ ಕೇಂದ್ರ ನಟ್ಟನಡುವೆ. ಈ ಗೋಡೆಯಿಲ್ಲದಿದ್ದರೆ ಸುತ್ತಲಿನ ನೀರು ಡಿಕ್ಕಿ ಹೊಡೆದು, ಹೀರಿದ ಶಕ್ತಿಯೆಲ್ಲ ಬೆಳಕಾಗುವ ಬದಲು ಶಾಖವಾಗಿ ಸೋರಿಹೋಗುತ್ತಿತ್ತು. ಬಣ್ಣದ ಕೇಂದ್ರವನ್ನಷ್ಟೇ ಬೇರೆಯಾಗಿ ತಯಾರಿಸಿದರೆ ಅದು ಹೊಳೆಯುವುದಿಲ್ಲ ಎಂಬುದು ಇದಕ್ಕೇ.

ಇದು ಅರ್ಥವಾದ ಮೇಲೆ ಬಣ್ಣ ಬದಲಿಸುವುದು ಜೀನಿನ ಅಕ್ಷರ ಬದಲಿಸುವ ಕೆಲಸವಾಯಿತು. 66ನೇ ಟೈರೋಸಿನ್ ಜಾಗಕ್ಕೆ ಹಿಸ್ಟಿಡಿನ್ ಹಾಕಿದರೆ ನೀಲಿ. 65ನೇ ಸೆರಿನ್ ಜಾಗಕ್ಕೆ ಥ್ರಿಯೋನಿನ್ ಹಾಕಿದರೆ ಹಸಿರೇ, ಆದರೆ ಬಹಳ ಪ್ರಖರ, ಬೇಗ ತಯಾರಾಗುವಂಥದ್ದು, ಕಣ್ಣಿಗೂ ಕೋಶಕ್ಕೂ ಹಾನಿಮಾಡುವ ನೇರಳಾತೀತದ ಬದಲು ನೀಲಿ ಬೆಳಕಿಗೆ ಓಗೊಡುವಂಥದ್ದು. ಕೆಂಪು ಮಾತ್ರ ಜೆಲ್ಲಿಮೀನಿನಿಂದ ಬರಲೊಲ್ಲದು. 1999ರಲ್ಲಿ ಮಾಸ್ಕೋದ ಸೆರ್ಗೆಯ್ ಲುಕ್ಯಾನೊವ್ ತಂಡ ಹವಳದ ಬಳಗದ ಜೀವಿಯಿಂದ ಕೆಂಪನ್ನು ತಂದಿತು. ಆ ಪ್ರೋಟೀನು ನಾಲ್ಕು ನಾಲ್ಕು ಸೇರಿ ಗುಂಪಾಗುತ್ತಿತ್ತು, ಅಂಟಿಸಿದ ಪ್ರೋಟೀನಿನ ಕೆಲಸ ಕೆಡಿಸುತ್ತಿತ್ತು. ಅದನ್ನು ಒಂಟಿಯಾಗಿ ಮಾಡಲು ಚೆನ್ ತಂಡ 33 ಬದಲಾವಣೆ ಮಾಡಬೇಕಾಯಿತು.

ಉಪಯೋಗಗಳ ಪಟ್ಟಿ ಕೊಡಹೋದರೆ ಮುಗಿಯುವುದಿಲ್ಲ. ಒಂದೇ ಉದಾಹರಣೆ ಸಾಕು. ನರಕೋಶ ಸಂಕೇತ ಕಳಿಸಿದಾಗ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ. ಜಿಎಫ್‌ಪಿಯನ್ನು ಒಂದು ಕಡೆ ಸೀಳಿ, ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನನ್ನು ಜೋಡಿಸಿದರೆ, ಕ್ಯಾಲ್ಸಿಯಂ ಬಂದಾಗ ಮಾತ್ರ ಪೀಪಾಯಿ ಸರಿಯಾಗಿ ಮುಚ್ಚಿಕೊಂಡು ಹೊಳಪು ಏರುತ್ತದೆ. ಜಪಾನಿನ ಜುನಿಚಿ ನಕಾಯ್ 2001ರಲ್ಲಿ ರೂಪಿಸಿದ ಈ ಸಾಧನದ ಹೆಸರು ಜಿಕ್ಯಾಂಪ್. ಇವತ್ತು ಬದುಕಿರುವ ಇಲಿಯ ಮಿದುಳಿನಲ್ಲಿ ಯಾವ ಕೋಶ ಯಾವ ಕ್ಷಣ ಮಾತಾಡಿತು ಎಂದು ನೋಡುವವರು ಬಳಸುವುದು ಇದರ ಸುಧಾರಿತ ಆವೃತ್ತಿಗಳನ್ನೇ.

ಪ್ರಾಶರ್ ಆ ಹೊತ್ತಿಗೆ ಬೇರೆ ದಾರಿಯಲ್ಲಿದ್ದರು. ವುಡ್ಸ್ ಹೋಲ್ ಬಿಟ್ಟು ಅಮೆರಿಕದ ಕೃಷಿ ಇಲಾಖೆ ಸೇರಿ ಪೀಡೆಕೀಟಗಳ ಜೀನ್ ಅಧ್ಯಯನ ಮಾಡಿದರು. ಆಮೇಲೆ ಹಂಟ್ಸ್‌ವಿಲ್‌ನಲ್ಲಿ ನಾಸಾ ಗುತ್ತಿಗೆಯ ಕಂಪನಿಯೊಂದರಲ್ಲಿ ಕೆಲಸ. ಯೋಜನೆಗೆ ಹಣ ನಿಂತಾಗ ಕೆಲಸವೂ ಹೋಯಿತು. ಊರು ಬಿಡಲು ಮನೆಯ ಪರಿಸ್ಥಿತಿ ಅನುಮತಿಸಲಿಲ್ಲ, ವ್ಯಾನು ಬಂದದ್ದು ಆಮೇಲೆ. ನೊಬೆಲ್ ಶಿಮೊಮುರಾ, ಚಾಲ್ಫಿ, ಚೆನ್ ಪಾಲಾಯಿತು. ಒಂದು ಬಹುಮಾನವನ್ನು ಮೂವರಿಗಿಂತ ಹೆಚ್ಚು ಜನಕ್ಕೆ ಹಂಚುವಂತಿಲ್ಲ. ತನ್ನನ್ನು ಬಿಟ್ಟು ಪ್ರಾಶರ್‌ಗೆ ಕೊಟ್ಟಿದ್ದರೂ ಸರಿಯಾಗುತ್ತಿತ್ತು ಎಂದು ಚಾಲ್ಫಿಯೇ ಹೇಳಿದರು. ಚಾಲ್ಫಿ ಮತ್ತು ಚೆನ್ ತಮ್ಮ ಖರ್ಚಿನಲ್ಲಿ ಪ್ರಾಶರ್ ದಂಪತಿಯನ್ನು ಸ್ಟಾಕ್‌ಹೋಮ್‌ಗೆ ಕರೆಸಿಕೊಂಡರು.

ಅನ್ಯಾಯವೇ? ಬಹುಮಾನದ ಲೆಕ್ಕದಲ್ಲಿ ಹೇಳುವುದು ಕಷ್ಟ. ಜೀನ್ ಹುಡುಕಿದ್ದು ಒಂದು ಕೆಲಸ, ಅದು ಬೇರೆ ಜೀವಿಯಲ್ಲಿ ಬೆಳಗುತ್ತದೆ ಎಂದು ತೋರಿಸಿದ್ದು ಇನ್ನೊಂದು. ಪ್ರಾಶರ್ ಎರಡನೆಯದರ ಹೊಸ್ತಿಲವರೆಗೆ ಬಂದಿದ್ದರು. ನನಗೆ ಬಹುಮಾನಕ್ಕಿಂತ ಚುಚ್ಚುವುದು ಹಣದ ಲೆಕ್ಕ. ಇನ್ನೊಂದಷ್ಟು ಕಾಲದ ಅನುದಾನ ಸಿಕ್ಕಿದ್ದರೆ ಆ ಬಾಲಗಳನ್ನು ಕತ್ತರಿಸಿ ನೋಡುವ ಯೋಚನೆ ಅವರಿಗೂ ಬರಬಹುದಿತ್ತು. ಜೆಲ್ಲಿಮೀನಿನ ಬೆಳಕಿನಿಂದ ರೋಗಿಗೇನು ಪ್ರಯೋಜನ ಎಂಬುದು 1988ರಲ್ಲಿ ಯಾರೂ ಉತ್ತರ ಕೊಡಲಾರದ ಪ್ರಶ್ನೆಯಾಗಿತ್ತು.

2010ರಲ್ಲಿ ಪ್ರಾಶರ್ ಹಂಟ್ಸ್‌ವಿಲ್‌ನಲ್ಲೇ ಮತ್ತೆ ಪ್ರಯೋಗಾಲಯದ ಕೆಲಸಕ್ಕೆ ಮರಳಿದರು. 2012ರಲ್ಲಿ ಚೆನ್ ಅವರೇ ತಮ್ಮ ಸ್ಯಾನ್ ಡಿಯೇಗೋ ಪ್ರಯೋಗಾಲಯಕ್ಕೆ ಕರೆಸಿಕೊಂಡರು. ಅಲ್ಲಿ ಅವರು 2015ರವರೆಗೆ ಇದ್ದರು, ತಾವು ಕೈಯಾರೆ ಹಿಡಿದ ಜೀನಿನಿಂದ ಹುಟ್ಟಿದ ಬಣ್ಣಗಳ ನಡುವೆಯೇ.